ಕಳೆದುಹೋದ ಕಾಲು ಅಂಕದ ಕುರಿತು ಬಹಿರಂಗ ಪತ್ರ

ಹತ್ತನೆಯ ತರಗತಿಯ ಉತ್ತೀರ್ಣಾಂಕವನ್ನು ನಿಗದಿಪಡಿಸುವ ಮಾನ್ಯರ ಸನ್ನಿಧಿಗೆ, ಮಡಿಕೇರಿಯಿಂದ.

2025–26ನೆಯ ಸಾಲಿನಿಂದ ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣರಾಗಲು 625ಕ್ಕೆ ಶೇ. 33, ಅಂದರೆ 206 ಅಂಕ ಸಾಕೆಂದು 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತಾದರೂ, 625ರ ಶೇ. 33 ಎಂಬುದು 206.25 ಆಗುವುದರಿಂದ, ಉಳಿದ ಕಾಲು ಅಂಕ ಎಲ್ಲಿ ಹೋಯಿತೆಂಬ ಪ್ರಶ್ನೆ ಏಳನೆಯ ತರಗತಿಯ ಮಗುವಿಗೂ ಏಳಬಹುದಾಗಿದೆ. ಹಿಂದೆ ಶೇ. 35 ಇದ್ದಾಗ 218.75 ಎಂಬುದನ್ನು 219ಕ್ಕೆ ಏರಿಸಿ ಮಕ್ಕಳಿಂದ ವಸೂಲಿ ಮಾಡಿದ್ದ ಕಾಲು ಅಂಕವನ್ನೇ ಈಗ ಹಿಂದಿರುಗಿಸಲಾಗಿದೆಯೆಂದು ತಿಳಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ದರ್ಜೆ ಎಂಬುದು ಕೊಡಗಿಗೆ ಹೊಸದಲ್ಲ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ 6.65 ಮಿ.ಮೀ. ತೂತಿನ ಜರಡಿಯ ಮೇಲೆ ನಿಂತ ಪ್ಲಾಂಟೇಷನ್ ಕಾಫಿ ‘ಎ’ ದರ್ಜೆಯದು. ಮಳೆ ಕೈಕೊಟ್ಟು ಬೀಜ ಸಣ್ಣದಾದ ವರ್ಷ ತೂತನ್ನೇ ಕಿರಿದು ಮಾಡಿ ಎಂದು ಬೆಳೆಗಾರರು ಬೇಡಿದ್ದರೆ ವ್ಯಾಪಾರಿ ನಕ್ಕು ಚೀಲ ಹಿಂದಕ್ಕೆ ಕಳುಹಿಸುತ್ತಿದ್ದ. ಮಾನ್ಯರ ಜರಡಿಗಾದರೋ ಆ ಸೌಲಭ್ಯವಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ನಿಗಾ ಬಂದು ಫಲಿತಾಂಶ ಕುಸಿಯುವುದು ಕಂಡೊಡನೆ, ಕೃಪಾಂಕ, ಅಂದರೆ ಅನುತ್ತೀರ್ಣರನ್ನು ದಡ ಸೇರಿಸಲು ಕೊಡುವ ಹೆಚ್ಚುವರಿ ಅಂಕದ ಮಿತಿಯನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಲಾಯಿತು, ಸುಮಾರು 1.7 ಲಕ್ಷ ಮಕ್ಕಳು ದಡ ಸೇರಿದರು. ಮುಖ್ಯಮಂತ್ರಿಗಳು ಆಕ್ಷೇಪಿಸಿದ ಮೇಲೆ ಮರುವರ್ಷ ಕೃಪೆ ನಿಂತಿತು, ಶೇ. 88 ದಾಟಿದ್ದ ಕೊಡಗಿನ ಫಲಿತಾಂಶ 82ರ ಆಸುಪಾಸಿಗೆ ಇಳಿಯಿತು. ಇಂಗ್ಲೆಂಡಿನಲ್ಲಿಯೂ ಪರೀಕ್ಷೆಯ ನಂತರವೇ ದರ್ಜೆಯ ಗಡಿ ನಿಗದಿಯಾಗುತ್ತದೆಯಾದರೂ, ಪ್ರಶ್ನೆಪತ್ರಿಕೆ ಕಠಿಣವಾಗಿತ್ತೇ ಎಂಬುದನ್ನು ಉತ್ತರಪತ್ರಿಕೆಗಳನ್ನಿಟ್ಟುಕೊಂಡು ಪರಿಶೀಲಿಸುವ ಕಾಟವೊಂದು ಅಲ್ಲಿದೆ.

ಇದೆಲ್ಲವನ್ನೂ ಸಹಿಸಬಹುದು, ಕಾಲು ಅಂಕವನ್ನೂ ಸಹ. ಸಹಿಸಲಾಗದ್ದು ಗಣಿತದ ಲೆಕ್ಕ. ಹಿಂದೆ ಬರೆಯುವ ಪರೀಕ್ಷೆಯ 80 ಅಂಕಗಳಲ್ಲಿ 28 ಗಳಿಸಬೇಕಿತ್ತು. ಈಗ ಒಟ್ಟಾರೆ ಶೇ. 33 ಬೇಕಾದರೂ, ಒಂದೊಂದು ವಿಷಯದಲ್ಲಿ ಆಂತರಿಕ ಮೌಲ್ಯಮಾಪನ, ಅಂದರೆ ಶಾಲೆಯೇ ನೀಡುವ 20 ಅಂಕವೂ ಸೇರಿ 30 ಆದರೆ ಸಾಕು. ಶಾಲೆ ಧಾರಾಳವಾಗಿ 20 ಕೊಟ್ಟರೆ, ಮಗು ಮೂರು ತಾಸು ಕುಳಿತು ಗಳಿಸಬೇಕಾದದ್ದು ಹತ್ತು. ಎಂಬತ್ತಕ್ಕೆ ಹತ್ತು! ಆ ಹತ್ತನ್ನು ಪಡೆದ ಮಗುವಿಗೆ ವರ್ಗ ಸಮೀಕರಣ ಬಿಡಿಸಲು ಬರುತ್ತದೆಯೇ, ತೋಟದ ಕೂಲಿಯ ಶೇಕಡಾವಾರು ಹೆಚ್ಚಳ ಲೆಕ್ಕಹಾಕಲು ಬರುತ್ತದೆಯೇ ಎಂಬುದನ್ನು ಯಾರೂ ಹೇಳುವುದಿಲ್ಲ. ಡಿಪ್ಲೊಮಾದ ಮೊದಲ ಸೆಮಿಸ್ಟರಿನಲ್ಲಿ ಆ ಮಗು ಗಣಿತದ ಮುಂದೆ ಒಂಟಿಯಾಗಿ ಕುಳಿತಾಗ ಜರಡಿ ಹಿಡಿದ ಮಾನ್ಯರು ಯಾರೂ ಅಲ್ಲಿರುವುದಿಲ್ಲ. ಅಷ್ಟರಲ್ಲಿ ಜಿಲ್ಲಾವಾರು ಪಟ್ಟಿ ಅಚ್ಚಾಗಿ, ಸಿಹಿ ಹಂಚಿ ಆಗಿರುತ್ತದೆ.

30 ಅಂಕಕ್ಕೆ ಎಷ್ಟು ಗಣಿತ ಬರಬೇಕು ಎಂದು ಕೇಳಲು ಪತ್ರಲೇಖಕರು ಕಚೇರಿಯೊಂದರ ಬೆಂಚಿನ ಮೇಲೆ, ಹೊರಗೆ ಮಳೆ ಸುರಿಯುತ್ತಿರಲು, ಮೂರು ಗಂಟೆ ಕಾದು ಪಡೆದ ಉತ್ತರ: 30 ಅಂಕವೆಂದರೆ 30 ಅಂಕ, ಹೆಚ್ಚಿನ ವಿವರಕ್ಕೆ ಸುತ್ತೋಲೆ ಬರಬೇಕು, ಸೋಮವಾರ ಬನ್ನಿ. ಸೋಮವಾರ ಸಾಹೇಬರು ಮೀಟಿಂಗಿನಲ್ಲಿದ್ದರು.

ನಾಲ್ಕಾಣೆ ನಾಣ್ಯದ ಚಲಾವಣೆಯನ್ನು 2011ರಲ್ಲಿ ನಿಲ್ಲಿಸಿದಾಗ, ಮನೆಯಲ್ಲಿ ಉಳಿದವನ್ನು ಬ್ಯಾಂಕಿಗೆ ತಂದೊಪ್ಪಿಸಲು ಗಡುವಾದರೂ ಕೊಟ್ಟಿದ್ದರು. ಕಾಲು ಅಂಕವನ್ನು ಎಲ್ಲಿ ಒಪ್ಪಿಸಬೇಕೆಂಬ ಸುತ್ತೋಲೆಯೂ ಬಹುಶಃ ಸೋಮವಾರವೇ ಬರಬಹುದು.

ಇಂತಿ,
ಜರಡಿಯ ತೂತಿನಲ್ಲಿ ಸಿಕ್ಕಿಕೊಂಡಿರುವ ಪೋಷಕರೊಬ್ಬರು