ಮೇಕೆಗೆಷ್ಟು, ಹದ್ದಿಗೆಷ್ಟು?

ನಮ್ಮ ಕಡೆ ಯುಗಾದಿಗೆ ಬೆಳಿಗ್ಗೆ ಬೇವು-ಬೆಲ್ಲ, ಮಧ್ಯಾಹ್ನ ಒಬ್ಬಟ್ಟು, ಆಮೇಲೆ ಇಸ್ಪೀಟು. ಮೊದಲೆರಡರ ಪ್ರಸ್ತಾಪ ಪಂಚಾಂಗದಲ್ಲಿದೆ, ಮೂರನೆಯದು 1963ರ ಪೊಲೀಸ್ ಕಾಯ್ದೆಯಲ್ಲಿದೆ. ಅದಕ್ಕೇ ನಮ್ಮ ಚನ್ನಪಟ್ಟಣದ ಮನೆಯಲ್ಲಿ ದುಡ್ಡು ಕಣಕ್ಕಿಳಿಯುವುದಿಲ್ಲ. ಹುಣಸೆ ಬೀಜ ಕಟ್ಟಿ ಆಡುತ್ತೇವೆ. ಕೊನೆಯಲ್ಲಿ ಯಾರ ಹತ್ತಿರ ಕಡಿಮೆ ಬೀಜ ಉಳಿಯುತ್ತದೋ ಅವರು ಮಾರನೆಯ ದಿನದ ಹೊಸತೊಡಕಿಗೆ ಮಾಂಸ ತರಬೇಕು. ಮಟನ್ ರೇಟು ಗೊತ್ತಿರುವವರಿಗೆ ಇದು ಎಂಥ ಜೀವನ್ಮರಣದ ಆಟ ಎಂದು ಬಿಡಿಸಿ ಹೇಳಬೇಕಿಲ್ಲ.

ಹುಣಸೆ ಬೀಜಕ್ಕೆ ಒಂದು ದೋಷವಿದೆ. ಅದು ಎಲ್ಲರ ಹಿತ್ತಲಲ್ಲೂ ಸಿಗುತ್ತದೆ. ರಾಮನಗರದ ಮಾವ ಸೋತಷ್ಟೂ ಅವರ ಮುಂದಿನ ರಾಶಿ ಬೆಳೆಯುತ್ತಿದ್ದುದನ್ನು ಮನೆಮಂದಿಯೆಲ್ಲ ವರ್ಷಗಟ್ಟಲೆ ಭಕ್ತಿಯಿಂದ ನೋಡಿದ್ದೆವು. ಈ ಸಲ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ನನ್ನ ಅಕ್ಕನ ಮಗ, ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ತಂದ. ಒಳಗೆ ಪೋಕರ್ ಚಿಪ್ಪುಗಳು: ಬಿಳಿ, ಕೆಂಪು, ಹಸಿರು, ಕಪ್ಪು. ಒಂದೊಂದೂ 39 ಮಿಲಿಮೀಟರ್ ಅಗಲ, ಹನ್ನೊಂದೂವರೆ ಗ್ರಾಂ ತೂಕ, ಪ್ಲಾಸ್ಟಿಕ್ಕಿನ ಹೊಟ್ಟೆಯಲ್ಲೊಂದು ಲೋಹದ ಬಿಲ್ಲೆ. ನಡುವಿನ ಗುಳಿಯಲ್ಲಿ ಅಂಟಿಸಿದ ಲೇಬಲ್ಲಿನ ಮೇಲೆ ಲಾಸ್ ವೇಗಾಸ್ ಅಂತ ಹೆಸರು, ಡಾಲರ್ ಗುರುತು, ಕಾಲು ನೀಡಿ ಕೂತ ಒಬ್ಬಳು ಹುಡುಗಿ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೇಳಿತು: "ಇವಳ್ಯಾರ್ಲಾ, ಹಬ್ಬದ ದಿನ ಇಷ್ಟೇ ಬಟ್ಟೆ ಹಾಕ್ಕೊಂಡು ಬಂದವಳು?"

ಲೇಬಲ್ ಬದಲಾಯಿಸಲೇಬೇಕೆಂದು ತೀರ್ಮಾನವಾಯಿತು. ನಿಜವಾದ ಕ್ಯಾಸಿನೋದ ಒಳ್ಳೆಯ ಚಿಪ್ಪುಗಳಲ್ಲಿ ಲೇಬಲ್ಲನ್ನು ಶಾಖ ಕೊಟ್ಟು ಒತ್ತಿ ಕೂರಿಸಿರುತ್ತಾರೆ, ಉಗುರು ಹಾಕಿದರೂ ಏಳದು. ಮನೆಯಾಟದವು ಬರೀ ಸ್ಟಿಕ್ಕರ್. ಹೇರ್ ಡ್ರೈಯರ್ ಬಿಸಿಗೆ ಹುಡುಗಿಯರು ಸಾಲಾಗಿ ಎದ್ದುಬಂದರು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ಸೊಸೆಯೊಬ್ಬಳು ನೈಲ್‌ಪಾಲಿಶ್ ಅಳಿಸುವ ದ್ರವ ಹಚ್ಚಿದ್ದಕ್ಕೆ ಅಂಟಿನ ಜೊತೆ ಒಂದು ಚಿಪ್ಪೂ ಕರಗತೊಡಗಿತು.

ಅರಗಿನ ಕೆಲಸ ಮಾಡುವ ಭಾವನಿಗೆ ಮಾತ್ರ ಇದೆಲ್ಲ ಅವಮಾನ. "ಗೊಂಬೆ ಊರಲ್ಲಿ ಕೂತು ಸ್ಟಿಕ್ಕರ್ ಅಂಟಿಸ್ತೀರಾ? ಹಾಲೆಮರದಲ್ಲಿ ತಿರುವಿ ಕೊಡ್ತೀನಿ ತಗೊಳ್ಳಿ." ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತದೆ, ತಾಳೆಗರಿಯಲ್ಲಿ ಉಜ್ಜಿದರೆ ಮಿಂಚುತ್ತದೆ, ಏಳುವ ಮಾತೇ ಇಲ್ಲ. ಒಂದು ಮಾಡಿಯೂ ತಂದ. ಚೆಂದವಿತ್ತು. ಆದರೆ ಕಣಕ್ಕೆ ಎಸೆದರೆ ಟಣ್ ಎನ್ನಲಿಲ್ಲ, ಉರುಳಿ ಮಂಚದಡಿ ಹೋಯಿತು. ಮೊಮ್ಮಗು ಅದನ್ನು ಬಾಯಿಗಿಟ್ಟುಕೊಂಡಿತು. ಅಪ್ಪಟ ಚನ್ನಪಟ್ಟಣದ ಬಣ್ಣವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಹಳೆಯ ಬಿಲ್ಲೆಗೆ ಹೊಸ ಲೇಬಲ್ ಅಂಟಿಸುವುದು ನಮ್ಮ ಸೀಮೆಗೇನೂ ಹೊಸದಲ್ಲ. ಟಿಪ್ಪು ಕಾಲದ ಶಂಸೇರಾಬಾದಿಗೆ ಬ್ರಿಟಿಷರು ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನ ಚೀಟಿ ಅಂಟಿಸಿ ಕ್ಲೋಸ್‌ಪೇಟೆ ಮಾಡಿದರು. ಅದನ್ನು ಕಿತ್ತು ರಾಮನಗರ ಮಾಡಿದೆವು. ಅಂಟು ಮಾತ್ರ ಪೂರ್ತಿ ಬಿಟ್ಟಿಲ್ಲ, ಭೂವಿಜ್ಞಾನಿಗಳು ನಮ್ಮ ಬಂಡೆಗಳನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. 1975ರ 'ಶೋಲೆ'ಯಲ್ಲಿ ಅದೇ ಬಂಡೆಗಳು ರಾಮ್‌ಗಢವಾದವು. ಕಾನಕಾನಹಳ್ಳಿ ಕನಕಪುರವಾಯಿತು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ಸಂಪುಟ ಬೆಂಗಳೂರು ದಕ್ಷಿಣ ಎಂಬ ಲೇಬಲ್ ಒಪ್ಪಿತು. ನಮ್ಮ ಪ್ಲಾಟಿನ ರೇಟು ಏರುತ್ತದೆಂದು ಭಾವ ಅವತ್ತೇ ಲೆಕ್ಕ ಹಾಕಿದ್ದ.

ಚಿಪ್ಪಿನ ಬಣ್ಣ ನಾಲ್ಕು, ಬಳಗವೂ ನಾಲ್ಕು ತಾಲ್ಲೂಕಿನದು. ಹಾಗಾಗಿ ತಾಲ್ಲೂಕಿಗೊಂದು ಚಿತ್ರ. ಚನ್ನಪಟ್ಟಣಕ್ಕೆ ಮರದ ಕುದುರೆ, ಕನಕಪುರಕ್ಕೆ ಮೇಕೆದಾಟಿನ ಮೇಕೆ, ಮಾಗಡಿಗೆ ಕೆಂಪೇಗೌಡರು. ಕನಕಪುರದ ಚಿಕ್ಕಪ್ಪ ಮೊದಲು ಕಬ್ಬಾಳಮ್ಮ ಅಂದಿದ್ದರು. ತಾಯಿಯನ್ನು ಜೂಜಿಗಿಟ್ಟರೆ ಏನಾಗಬಹುದೆಂದು ಚಿಕ್ಕಮ್ಮ ಪಿಸುಗುಟ್ಟಿದ ಮೇಲೆ ಮೇಕೆಗೆ ಬಂದರು. ರಾಮನಗರದ ಮಾವ ಶೋಲೆಯ ಜೈ ಚಿಮ್ಮುವ ನಾಣ್ಯ ಬೇಕೆಂದರು. ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಅವರ ಕೈಗೆ ಬೇಡವೆಂದು ಸಭೆ ಒಮ್ಮತದಿಂದ ತಳ್ಳಿಹಾಕಿ, ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದನ್ನು ಕೊಟ್ಟಿತು. 2012ರಲ್ಲಿ ಅಭಯಾರಣ್ಯ ಪಡೆದ ಪಕ್ಷಿ, ಗೌರವಕ್ಕೇನೂ ಕಡಿಮೆಯಿಲ್ಲ.

ಜಗಳ ಶುರುವಾದದ್ದು ಬೆಲೆ ಬರೆಯುವಾಗ. ಅಮೆರಿಕದ ವಾಡಿಕೆಯಂತೆ ಬಿಳಿ 1, ಕೆಂಪು 5, ಹಸಿರು 25, ಕಪ್ಪು 100. ಯಾವ ತಾಲ್ಲೂಕು ಒಂದು, ಯಾವ ತಾಲ್ಲೂಕು ನೂರು?

"ಬೆಂಗಳೂರು ಕಟ್ಟಿದವರು ನಮ್ಮವರು, ನೂರು ನಮ್ಮದೇ," ಎಂದರು ಮಾಗಡಿ ಅತ್ತೆ. ಯಲಹಂಕದವರು ಯಾರೂ ಅಲ್ಲಿರಲಿಲ್ಲ, ಬಚಾವಾದೆವು. "ಜಿಲ್ಲಾ ಕೇಂದ್ರ ನಮ್ಮದು," ಎಂದರು ಮಾವ. ಚಿಕ್ಕಪ್ಪನ ಮೇಕೆಗೆ 25 ಕೊಟ್ಟರೆ, "ನಾಲ್ಕಾಣೆ 2011ರಲ್ಲೇ ನಿಂತೋಯ್ತು, ಚಲಾವಣೆ ಇಲ್ಲದ್ದು ನನಗಾ?" ಎಂದು ಎದ್ದುಬಿಟ್ಟರು. "ನಿಮ್ಮ ಮೇಕೆ ಇನ್ನೂ ದಾಟೇ ಇಲ್ವಲ್ಲ, ನೂರು ಎಲ್ಲಿಂದ ಕೊಡೋದು?" ಎಂದು ಭಾವ ಕಿಚಾಯಿಸಿದ.

ಕೊನೆಗೆ ಅಂಕಿಯೇ ಬೇಡವೆಂದಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ರೇಡಿಯಂ ಸ್ಟಿಕ್ಕರಿನವನು ಒಂದಿಂಚಿನ ಬಿಲ್ಲೆಗಳನ್ನು ಕತ್ತರಿಸಿಕೊಟ್ಟ. ಆಟೋಗಳಿಗೆ ಅಂಟಿಸಿದ ಅಭ್ಯಾಸಬಲದಿಂದ ಪ್ರತಿ ಹದ್ದಿನ ಕೆಳಗೂ 'ತಾಯಿಯ ಆಶೀರ್ವಾದ' ಎಂದು ಸೇರಿಸಿದ್ದ.

ಅಂಕಿ ಇಲ್ಲದಿದ್ದರೇನು, ರೇಷ್ಮೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಪಳಗಿದ ಮಾವ ರೇಟು ಕೂಗಿಯೇ ಕೂಗಿದರು. ಒಂದು ಕೆಂಪೇಗೌಡರಿಗೆ ಎರಡು ಕುದುರೆ ಎಂದು ಶುರುವಾದದ್ದು ಸಂಜೆಗೆ ಮೂರು ಮೇಕೆ, ನಾಲ್ಕು ಹದ್ದಿಗೆ ಮುಟ್ಟಿತು. ಹಬ್ಬದ ದಿನ ಹದ್ದನ್ನು ಎದುರಿಗಿಟ್ಟುಕೊಳ್ಳಲು ಯಾರಿಗೂ ಮನಸ್ಸಿಲ್ಲ. ಅಜ್ಜಿ ಒಬ್ಬರೇ ತಮ್ಮ ಕೆಂಪೇಗೌಡರನ್ನೆಲ್ಲ ಮಾಗಡಿ ಅತ್ತೆಗೆ ಧಾರೆ ಎರೆದು, ಸಿಕ್ಕ ಹದ್ದುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

ಆಟ ಮುಗಿದಾಗ ಅಕ್ಕನ ಮಗ ಎಣಿಕೆಗೆ ಕೂತ. ಲೇಬಲ್ಲಿನಲ್ಲಿ ಅಂಕಿ ಇಲ್ಲದ್ದರಿಂದ ಹುಣಸೆ ಬೀಜದ ಹಳೆಯ ಕಾನೂನೇ ಊರ್ಜಿತ: ತಲೆಗೊಂದು. ಅಜ್ಜಿಯ ಸೆರಗು ಬಿಚ್ಚಿದರೆ ಚಾಪೆಯೇ ಸಾಲಲಿಲ್ಲ. ಬೆರಳೆಣಿಕೆಯ ಕೆಂಪೇಗೌಡರನ್ನು ಎದೆಗವಚಿಕೊಂಡು ಕೂತಿದ್ದ ಮಾಗಡಿ ಅತ್ತೆಯ ಪಾಲಿಗೆ ಮಟನ್ ಬಂತು.

"ಎರಡು ಕೇಜಿ ಜಾಸ್ತೀನೇ ಹೇಳಮ್ಮಿ," ಎಂದಿತು ಅಜ್ಜಿ. "ಹದ್ದುಗಳು ಬಾಳಾ ಅವೆ."