ಪಶ್ಚಾದ್ದೃಷ್ಟಿ ಮೀಮಾಂಸೆ: ಟ್ರಾವೆಲ್ ಟ್ರೇಲರಿಗೆ ಹಿಂಬದಿ ಕ್ಯಾಮೆರಾ ಕೂರಿಸುವುದರ ತಾತ್ವಿಕ ನೆಲೆಗಳು

ಟ್ರಾವೆಲ್ ಟ್ರೇಲರ್ ಎಂಬುದು ಎಂಜಿನ್ ಇಲ್ಲದ ವಾಹನ, ಅಡಿಪಾಯ ಇಲ್ಲದ ಮನೆ. ಅಡುಗೆಕಟ್ಟೆ, ಮಂಚ, ಕಕ್ಕಸು ಎಲ್ಲವೂ ಇರುವ ಇದನ್ನು ಪಿಕಪ್ ಟ್ರಕ್ಕಿನ ಹಿಂದಿನ ಹಿಚ್ಚಿಗೆ ಸಿಕ್ಕಿಸಿ ಎಳೆದೊಯ್ಯುತ್ತಾರೆ. ಇದರ ನೆಲೆವೀಡು ಅಮೆರಿಕ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನ ಸುತ್ತ ಇವನ್ನು ಕಟ್ಟುವ ಕಾರ್ಖಾನೆಗಳು ಒತ್ತೊತ್ತಾಗಿವೆ. ಅಗಲ ಹೆಚ್ಚೆಂದರೆ 102 ಇಂಚು, ಅಂದರೆ ಎಂಟೂವರೆ ಅಡಿ. ಉದ್ದ ಮೂವತ್ತು ಅಡಿ ದಾಟುವುದೂ ಉಂಟು. ಇದನ್ನು ಕಟ್ಟಿಕೊಂಡು ಹೊರಟ ಚಾಲಕ ಒಳಗನ್ನಡಿಯಲ್ಲಿ ನೋಡಿದರೆ ಕಾಣುವುದು ತನ್ನದೇ ಟ್ರೇಲರಿನ ಮುಂಗೋಡೆ. ಪಿಕಪ್ಪಿನ ಸ್ವಂತ ಕ್ಯಾಮೆರಾದಲ್ಲಿ ಕಾಣುವುದೂ ಅದೇ ಗೋಡೆ, ಇನ್ನಷ್ಟು ಹತ್ತಿರದಿಂದ.

ಪ್ರಸ್ತುತ ಅಧ್ಯಯನವು ಟ್ರೇಲರನ್ನು ‘ಅನುಗಾಮಿ ಗೃಹ’ವೆಂದೂ, ಪಿಕಪ್ಪನ್ನು ‘ಅಗ್ರಗಾಮಿ ಕರ್ತೃತ್ವ’ವೆಂದೂ, ಎರಡರ ನಡುವಿನ ಕಬ್ಬಿಣದ ಗುಂಡನ್ನು ‘ಸಂಬಂಧಾತ್ಮಕ ನೆಲೆ’ಯೆಂದೂ, ಚಾಲಕನಿಗೂ ಗೋಡೆಗೂ ಕನ್ನಡಿಯಲ್ಲಿ ನಡೆಯುವ ಮುಖಾಮುಖಿಯನ್ನು ‘ದೃಷ್ಟಿಯ ಸ್ವಪ್ರತಿಬಂಧದ ಸಂಕಥನ’ವೆಂದೂ ಗುರುತಿಸುತ್ತದೆ. ಹೀಗೆ ಗುರುತಿಸಿದ್ದರಿಂದ ಯಾರಿಗೂ ಏನೂ ಹೆಚ್ಚು ಕಾಣಿಸುವುದಿಲ್ಲ. ಆದರೆ ಗುರುತಿಸದೆ ಹೋದರೆ ಬರೆದದ್ದು ಪ್ರಬಂಧವೆನಿಸಿಕೊಳ್ಳುವುದಿಲ್ಲ, ಅದನ್ನು ಮಂಡಿಸಲು ಹೋದವರಿಗೆ ಪ್ರಯಾಣಭತ್ಯೆಯೂ ಸಿಗುವುದಿಲ್ಲ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಇಲ್ಲಿ ವಿಷಯ, ಟ್ರೇಲರಿನ ಹಿಂದೆ ಏನಿದೆ ಎಂಬುದು. ಪ್ರಯೋಜನ, ಅದಕ್ಕೆ ಗುದ್ದದಿರುವುದು. ಸಂಬಂಧ, ಪಿಕಪ್ಪಿಗೂ ಟ್ರೇಲರಿಗೂ ನಡುವಿನ ಏಳು ಪಿನ್ನಿನ ಪ್ಲಗ್ಗು. ಡ್ರಿಲ್, ಮಲ್ಟಿಮೀಟರ್, ವೈರು ಅದುಮುವ ಇಕ್ಕಳ, ಬ್ಯುಟೈಲ್ ಟೇಪು ಎಂಬ ಸಾಧನ ಚತುಷ್ಟಯ ಸಂಪನ್ನನೇ ಅಧಿಕಾರಿ. ವಿವೇಕ, ವೈರಾಗ್ಯಗಳು ಮೊದಲೇ ಇರಬೇಕಾಗಿಲ್ಲ. ಡ್ರಿಲ್ಲಿನ ಮೂತಿ ಗೋಡೆಯೊಳಗಿನ ವೈರನ್ನು ಕತ್ತರಿಸಿದ ಕ್ಷಣ ಅವು ತಾವಾಗಿ ಬರುತ್ತವೆ.

ಪೂರ್ವಸೂರಿಗಳಲ್ಲಿ ಮೊದಲು ನೆನೆಯಬೇಕಾದವಳು ಇಂಗ್ಲೆಂಡಿನ ಡೊರೊತಿ ಲೆವಿಟ್. ಹೆಂಗಸರು ಕಾರಿನಲ್ಲಿ ಕೈಗನ್ನಡಿ ಇಟ್ಟುಕೊಂಡರೆ ಹಿಂದಿನ ವಾಹನಗಳನ್ನೂ ನೋಡಬಹುದೆಂದು ಈಕೆ 1909ರ ತನ್ನ ಪುಸ್ತಕದಲ್ಲಿ ಹೇಳಿದಳು. ಎರಡು ವರ್ಷದ ನಂತರ, 1911ರಲ್ಲಿ, ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ಓಟಕ್ಕೆ ರೇ ಹ್ಯಾರೂನ್ ಒಬ್ಬನೇ ಬಂದ. ಉಳಿದ ಕಾರುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂತಿರುತ್ತಿದ್ದ. ಹಿಂದಿನಿಂದ ಯಾರು ಬಂದರೆಂದು ಹೇಳುವುದೂ ಅವನ ಕೆಲಸ. ಅವನಿಲ್ಲದೆ ಓಡಿಸುವುದು ಅಪಾಯವೆಂದು ಎದುರಾಳಿಗಳು ತಕರಾರು ತೆಗೆದಾಗ ಹ್ಯಾರೂನ್ ತನ್ನ ಕಾರಿಗೆ ಕನ್ನಡಿ ಕಟ್ಟಿದ, ಓಟವನ್ನೂ ಗೆದ್ದ. ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಹೀಗೆ ಈ ಶಾಸ್ತ್ರದ ಆದ್ಯ ಉಪಕರಣ ಏನನ್ನೂ ತೋರಿಸದೆ, ಒಬ್ಬ ಮನುಷ್ಯನ ಕೆಲಸವನ್ನು ಮಾತ್ರ ಕಳೆದು, ಕೀರ್ತಿ ಪಡೆಯಿತು. ಕನ್ನಡ ನಾಡಿನ ಲಾರಿಗಳಲ್ಲಿ ಅದೇ ಮನುಷ್ಯನಿಗೆ ಕ್ಲೀನರ್ ಎಂದು ಹೆಸರು. ಮುಂದೆ 1956ರಲ್ಲಿ ಬ್ಯೂಕ್ ಸೆಂಚುರಿಯನ್ ಎಂಬ ಪ್ರದರ್ಶನದ ಕಾರು ಕನ್ನಡಿಯ ಜಾಗಕ್ಕೆ ಟಿ.ವಿ. ಕ್ಯಾಮೆರಾ ತಂದಿತು. 1991ರಲ್ಲಿ ಟೊಯೊಟಾ ಸೋರರ್ ಕಾರಿನೊಂದಿಗೆ ಹಿಂಬದಿ ಕ್ಯಾಮೆರಾ ಜಪಾನಿನಲ್ಲಿ ಮಾರಾಟಕ್ಕೂ ಬಂತು.

ಇನ್ನು ಪ್ರಮಾಣ ವಿಚಾರ. ಪ್ರಮಾಣಗಳು, ಅಂದರೆ ತಿಳಿಯುವ ದಾರಿಗಳು, ಆರು. ಇಳಿದು ಹಿಂದೆ ಹೋಗಿ ಕಣ್ಣಾರೆ ನೋಡಿ ಬರುವುದು ಪ್ರತ್ಯಕ್ಷ. ಎಲ್ಲಕ್ಕಿಂತ ಬಲವಾದದ್ದು ಇದೇ, ಯಾರೂ ಮಾಡದ್ದೂ ಇದೇ. ಎರಡು ಬದಿಯ ಕನ್ನಡಿಗಳಲ್ಲಿ ಎಡ ಬಲ ಖಾಲಿ ಕಂಡದ್ದರಿಂದ ನಡುವೆಯೂ ಖಾಲಿಯಿದೆ ಎಂದುಕೊಳ್ಳುವುದು ಅನುಮಾನ. ತಾರ್ಕಿಕರು ಇದನ್ನು ಹೇತ್ವಾಭಾಸವೆನ್ನುತ್ತಾರೆ, ವಿಮೆಯವರು ಚಾಲಕನ ತಪ್ಪು ಎನ್ನುತ್ತಾರೆ. ನೆನ್ನೆ ಪಕ್ಕದವರ ಟ್ರೇಲರು ಇದೇ ಜಾಗಕ್ಕೆ ಹಿಡಿಸಿತ್ತು, ನಮ್ಮದೂ ಅಂಥದ್ದೇ ಎಂಬುದು ಉಪಮಾನ. ಪಕ್ಕದವರದ್ದು ಆರಡಿ ಗಿಡ್ಡ.

ನಾಲ್ಕನೆಯದು ಶಬ್ದ. ಅಮೆರಿಕದ ಕ್ಯಾಂಪ್‌ಗ್ರೌಂಡುಗಳಲ್ಲಿ ಸಂಜೆ ಹೊತ್ತು ಇದರ ಪ್ರಯೋಗ ಪುಕ್ಕಟೆ ನೋಡಲು ಸಿಗುತ್ತದೆ. ಗಂಡ ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಆಕೆ ಎಡವೆಂದದ್ದು ಟ್ರೇಲರಿನ ಎಡವೋ ಸ್ಟಿಯರಿಂಗಿನ ಎಡವೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ನೀರಿನ ನಲ್ಲಿಯ ಕಂಬ ಬಾಗಿರುತ್ತದೆ. ಸುತ್ತಲಿನವರು ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ನಮ್ಮ ಕ್ಲೀನರುಗಳ ಶಬ್ದಪ್ರಮಾಣದಲ್ಲಿ ಈ ಗೊಂದಲವಿಲ್ಲ. ‘ಬರ್ಲಿ ಬರ್ಲಿ ಬರ್ಲಿ’ ಎಂಬ ವಿಧಿವಾಕ್ಯ, ‘ಹೋಲ್ಡಾನ್’ ಎಂಬ ನಿಷೇಧವಾಕ್ಯ, ಜೊತೆಗೆ ಅಂಗೈಯಿಂದ ಲಾರಿಯ ಮೈಗೆ ಬೀಳುವ ಎರಡು ಪೆಟ್ಟು; ಮೀಮಾಂಸಕರು ಇಷ್ಟು ಸಂಕ್ಷೇಪವಾಗಿ ಎಂದೂ ಬರೆದವರಲ್ಲ. ಆ ಹುಡುಗನಿಗೆ ಹಿಂದಿನ ಚಕ್ರದ ಪಕ್ಕ ನಿಂತು ಹೊಗೆ ಕುಡಿದದ್ದಕ್ಕೆ ಸಿಕ್ಕುವ ಬಾಟಾ ಎಷ್ಟು ಎಂಬುದು ಯಾವ ಸಂಕಥನದಲ್ಲೂ ಬರುವುದಿಲ್ಲ.

ಐದನೆಯ ಅರ್ಥಾಪತ್ತಿಗೆ ಇಲ್ಲಿ ಉದಾಹರಣೆ ಕೊಡುವುದಿಲ್ಲ. ಕೊಟ್ಟರೆ ಆರೂ ಆದವು ಎಂಬ ಸಮಾಧಾನ ಬಿಟ್ಟರೆ ಬೇರೆ ಲಾಭವಿಲ್ಲ.

ಆರನೆಯದಾದ ಅನುಪಲಬ್ಧಿಯನ್ನು ಮಾತ್ರ ಬಿಡುವಂತಿಲ್ಲ. ನೆಲದ ಮೇಲೆ ಮಡಕೆ ಕಾಣಲಿಲ್ಲ, ಆದ್ದರಿಂದ ಮಡಕೆ ಇಲ್ಲ ಎಂದು ತಿಳಿಯುವುದು ಅನುಪಲಬ್ಧಿ. ಇದನ್ನು ಒಪ್ಪಿದ ಭಾಟ್ಟ ಮೀಮಾಂಸಕರೇ ಒಂದು ಷರತ್ತನ್ನೂ ಹಾಕಿದ್ದಾರೆ: ಇದ್ದಿದ್ದರೆ ಕಾಣುವಂತಿತ್ತು ಎನ್ನುವ ಕಡೆ ಮಾತ್ರ ಈ ಪ್ರಮಾಣ ನಿಲ್ಲುತ್ತದೆ. ಕತ್ತಲೆ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಅದು ಇಲ್ಲವೆಂದು ಅರ್ಥವಲ್ಲ. ವಾಹನದ ಹಿಂಭಾಗ ಆ ಕತ್ತಲೆ ಕೋಣೆ. ಅಲ್ಲಿ ಏನೂ ಕಾಣಲಿಲ್ಲವೆಂದು ಹಿಂದಕ್ಕೆ ತೆಗೆದವರೆಲ್ಲ ಈ ಷರತ್ತನ್ನು ಮೀರಿದವರೇ. ಅವರನ್ನು ಬೈಯುವುದು ಸುಲಭ. ಅವರಿಗೆ ಕಾಣಿಸುವ ಉಪಾಯವೇ ಇರಲಿಲ್ಲ ಎಂಬುದೂ ಅಷ್ಟೇ ನಿಜ.

2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕ್ಯಾಮರಾನ್ ಗುಲ್‌ಬ್ರಾನ್ಸೆನ್ ಎಂಬ ಎರಡು ವರ್ಷದ ಮಗು, ಮನೆಯ ಮುಂದೆ ತಂದೆಯೇ ಹಿಂದಕ್ಕೆ ತೆಗೆದ ವಾಹನಕ್ಕೆ ಸಿಕ್ಕು ಸತ್ತಿತು. ಆ ಮಗುವಿನ ಹೆಸರಿನ ಕಾಯಿದೆಗೆ ಫೆಬ್ರವರಿ 2008ರಲ್ಲಿ ಅಧ್ಯಕ್ಷರ ಸಹಿ ಬಿತ್ತು. ವಾಹನದ ಹಿಂದಿರುವುದು ಚಾಲಕನಿಗೆ ಕಾಣುವಂತೆ ಮಾಡುವ ನಿಯಮ ಮೂರು ವರ್ಷದೊಳಗೆ ಹೊರಬರಬೇಕೆಂದು ಕಾಯಿದೆಯೇ ಹೇಳಿತು. ನಿಯಮ ಬರಲಿಲ್ಲ. ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು; ಇನ್ನಷ್ಟು ಅಧ್ಯಯನ, ಇನ್ನಷ್ಟು ವಿಶ್ಲೇಷಣೆ ಬೇಕೆಂಬುದು ಕಾರಣ. 2013ರಲ್ಲಿ ಮಕ್ಕಳನ್ನು ಕಳೆದುಕೊಂಡ ಹೆತ್ತವರೂ ಸುರಕ್ಷತಾ ಸಂಘಟನೆಗಳೂ ಸರ್ಕಾರದ ಮೇಲೆ ದಾವೆ ಹೂಡಬೇಕಾಯಿತು. 2014ರ ಮಾರ್ಚ್ 31ರಂದು ನಿಯಮ ಪ್ರಕಟವಾಯಿತು, ಎಲ್ಲ ಹೊಸ ಸಣ್ಣ ವಾಹನಗಳಿಗೂ ಪೂರ್ತಿ ಅನ್ವಯವಾದದ್ದು 2018ರ ಮೇ 1ರಿಂದ. ಹಿಂದಕ್ಕೆ ಬರುವ ವಾಹನಗಳಿಗೆ ಸಿಕ್ಕು ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಿದ್ದರು, ಅವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು ಎಂಬ ಲೆಕ್ಕ ಆ ನಿಯಮ ಮಾಡಿದ ಇಲಾಖೆಯದೇ. ಪರದೆ ಮೊದಲೇ ಇರುವ ಕಾರಿಗೆ ಕ್ಯಾಮೆರಾ ಕೂರಿಸಲು ಆಗ ತಗಲುತ್ತಿದ್ದ ಖರ್ಚು 45 ಡಾಲರಿನ ಒಳಗೆ, ಪರದೆಯೂ ಇಲ್ಲದ ಕಾರಿಗೆ ಹೆಚ್ಚೆಂದರೆ 142 ಡಾಲರ್ ಎಂಬ ಲೆಕ್ಕವೂ ಅದರದ್ದೇ. ವರ್ಷಕ್ಕೆ ಅರವತ್ತಕ್ಕೂ ಹೆಚ್ಚು ಕೂಸುಗಳು ಒಂದು ತಟ್ಟೆಯಲ್ಲಿ, ನಲವತ್ತೈದು ಡಾಲರ್ ಇನ್ನೊಂದರಲ್ಲಿ. ತಕ್ಕಡಿ ಯಾವ ಕಡೆ ವಾಲುತ್ತದೆಂದು ನೋಡಲು ವರ್ಷಗಟ್ಟಲೆ ಅಧ್ಯಯನ ಮಾಡಿದವರ ಗದ್ಯ ಹೇಗಿರುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ. ಪರಿಪ್ರೇಕ್ಷ್ಯ, ಮರುಪರಿಶೀಲನೆ, ಬಹುಆಯಾಮಗಳು. ಸಾವಿನ ಸುದ್ದಿಯನ್ನೂ ಕರ್ಮಣಿ ಪ್ರಯೋಗದಲ್ಲಿ ಬರೆಯಬಲ್ಲ ಕೈಗಳು ಅವು.

ಇಷ್ಟೆಲ್ಲ ಆಗಿ ಬಂದ ನಿಯಮ ಟ್ರೇಲರುಗಳನ್ನು ಹೊರಗಿಟ್ಟಿದೆ. ಆದ್ದರಿಂದ ಅವಕ್ಕೆ ಕ್ಯಾಮೆರಾ ಬೇಕೆಂದರೆ ಮಾಲೀಕನೇ ಕೂರಿಸಬೇಕು.

ಕೂರಿಸುವವರಲ್ಲಿ ಸತಂತು, ನಿಸ್ತಂತು ಎಂದು ಎರಡು ಪಂಥ. ಸತಂತುಗಳು ಕ್ಯಾಮೆರಾದಿಂದ ಕೇಬಲನ್ನು ಟ್ರೇಲರಿನ ಹೊಟ್ಟೆಯಡಿ ಎಳೆದು, ಹಿಚ್ಚಿನ ಬಳಿ ಸುರುಳಿ ವೈರು ಕೊಟ್ಟು, ಪಿಕಪ್ಪಿನ ಕೆಳಗಿಂದ ಡ್ಯಾಶ್‌ಬೋರ್ಡಿನ ಪರದೆಗೆ ತರುತ್ತಾರೆ. ಚಿತ್ರ ನಡುಗುವುದಿಲ್ಲ, ತಡವಾಗುವುದಿಲ್ಲ. ಒಂದು ದಿನದ ಕೂಲಿ ಮತ್ತು ಬೆನ್ನುನೋವು ಮಾತ್ರ ಖರ್ಚು. ನಿಸ್ತಂತುಗಳದ್ದು 2.4 ಗಿಗಾಹರ್ಟ್ಸ್ ತರಂಗ. ವೈಫೈ ಕೂಡ ಅದರಲ್ಲೇ ಓಡುತ್ತದೆ, ಕ್ಯಾಂಪ್‌ಗ್ರೌಂಡಿನ ತುಂಬ ವೈಫೈ. ಡಬ್ಬಿಯ ಮೇಲೆ ಬರೆದ ದೂರ ಬಯಲಿನಲ್ಲಿ ಅಳೆದದ್ದು. ಟ್ರೇಲರಿನಲ್ಲಾದರೋ ನಡುವೆ ಫ್ರಿಜ್ಜು, ಬೀರು, ಪಿಕಪ್ಪಿನ ಉಕ್ಕಿನ ಬೆನ್ನು. 1930ರ ದಶಕದಿಂದ ಬಂದ ಏರ್‌ಸ್ಟ್ರೀಮ್‌ನಂಥ ಅಲ್ಯೂಮಿನಿಯಂ ಮೈಯ ಟ್ರೇಲರುಗಳಲ್ಲಿ ತರಂಗಕ್ಕೆ ಇನ್ನೂ ಕಷ್ಟ. ಆಗ ಆಂಟೆನಾವನ್ನು ಉದ್ದದ ವೈರಿನಲ್ಲಿ ಟ್ರೇಲರಿನ ಮುಂಗೋಡೆಗೆ ತರಬೇಕಾಗುತ್ತದೆ, ನಿಸ್ತಂತು ಸಿದ್ಧಾಂತ ಅಷ್ಟರಮಟ್ಟಿಗೆ ಸತಂತುವಾಗುತ್ತದೆ. ತಡವಾಗುವುದೂ ಉಂಟು. ಗಂಟೆಗೆ 8 ಕಿ.ಮೀ. ವೇಗದಲ್ಲಿ ಚಿತ್ರ ಕಾಲು ಸೆಕೆಂಡ್ ತಡವಾದರೆ ವಾಹನ ಅರ್ಧ ಮೀಟರಿಗೂ ಹೆಚ್ಚು ಸರಿದಿರುತ್ತದೆ. ಪಂಥಗಳ ಉಪಪಂಥಗಳೂ ಇವೆ. ಅವು ಅವುಗಳ ಪಾಡಿಗೆ ಇರಲಿ.

ವಿದ್ಯುತ್ತು ಎಲ್ಲಿಂದ ಎಂಬುದು ಅದಕ್ಕಿಂತ ಮುಖ್ಯ. ಈಚಿನ ಅನೇಕ ಟ್ರೇಲರುಗಳ ಹಿಂಗೋಡೆಯ ಮೇಲ್ತುದಿಯಲ್ಲಿ ಕ್ಯಾಮೆರಾಕ್ಕೆಂದೇ ಒಂದು ಮುಚ್ಚಳ ಇರುತ್ತದೆ. ಅದರ ಸ್ಕ್ರೂ ಬಿಚ್ಚಿದರೆ ಒಳಗೆ ತುದಿಗೆ ಟೇಪು ಸುತ್ತಿದ ಎರಡು ವೈರು. ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಿದರೆ ಸೊನ್ನೆ. ಪಿಕಪ್ಪಿನ ದೀಪ ಹಾಕಿದೊಡನೆ 12 ವೋಲ್ಟ್. ಅಂದರೆ ಈ ವೈರು ಬಂದಿರುವುದು ಟ್ರೇಲರಿನ ಅಂಚುದೀಪಗಳ ಜಾಲದಿಂದ. ಹಗಲಲ್ಲಿ ದೀಪ ಹಾಕದಿದ್ದರೆ ಕ್ಯಾಮೆರಾ ಸತ್ತಂತೆಯೇ. ಕೈಪಿಡಿಯಲ್ಲಿ ಇದನ್ನು ಎಲ್ಲೋ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ, ಆದ್ದರಿಂದ ಚೆನ್ನಾಗಿರುವ ಎಷ್ಟೋ ಕ್ಯಾಮೆರಾಗಳು ಕೆಟ್ಟಿವೆಯೆಂದು ಅಂಗಡಿಗೆ ವಾಪಸ್ ಹೋಗುತ್ತವೆ. ಪ್ಲಗ್ಗಿನ ನಡುಪಿನ್ನಿನಿಂದ ಬರುವ ರಿವರ್ಸ್ ದೀಪದ ವೈರಿಗೆ ಕೊಟ್ಟರೆ ಹಿಂದಕ್ಕೆ ತೆಗೆಯುವಾಗ ಮಾತ್ರ ಚಿತ್ರ ಬರುತ್ತದೆ, ಹೆದ್ದಾರಿಯಲ್ಲಿ ಹಿಂದೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಯಾವುದಕ್ಕೆ ಕೊಟ್ಟರೂ ನಡುವೆ ಸಣ್ಣ ಫ್ಯೂಸು ಇರಬೇಕು.

ಮುಚ್ಚಳವಿಲ್ಲದ ಹಳೆಯ ಟ್ರೇಲರಿನ ಗೋಡೆಗೆ ತೂತು ಕೊರೆಯದೆ ಗತಿಯಿಲ್ಲ. ಟ್ರೇಲರಿನ ಶತ್ರು ನೀರು. ತೂತಿನ ಅಂಚಿನಿಂದ ಇಳಿದ ಹನಿ ಒಳಗಿನ ತೆಳು ಪ್ಲೈವುಡ್ಡನ್ನು ನೆನೆಸಿ, ಫೈಬರ್‌ಗ್ಲಾಸ್ ಹಾಳೆಯನ್ನು ಉಬ್ಬಿಸಿ, ಎರಡು ಮಳೆಗಾಲದಲ್ಲಿ ಗೋಡೆಯನ್ನೇ ಕೊಳೆಸಬಲ್ಲದು. ಕ್ಯಾಮೆರಾದ ಕಾಲಿನಡಿ ಬ್ಯುಟೈಲ್ ಟೇಪು, ಅಂಚಿನ ಸುತ್ತ ಟ್ರೇಲರಿಗೆಂದೇ ಮಾಡಿದ ಸೀಲೆಂಟು ಹಾಕಬೇಕು. ರಬ್ಬರ್ ಚಾವಣಿಯ ಮೇಲೆ ಸ್ನಾನದಮನೆಯ ಸಿಲಿಕೋನ್ ಬಳಿಯಬಾರದು, ಅದು ಹಿಡಿಯುವುದಿಲ್ಲ. ವೈರು ತೂತಿಗೆ ಹೋಗುವ ಮುಂಚೆ ಒಂದಿಷ್ಟು ಕೆಳಗೆ ಜೋತು ಬಿದ್ದಿರಲಿ; ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಪರದೆಯ ಚಿತ್ರ ಎಡಬಲ ತಿರುಗಿಸಿದ್ದು, ಕನ್ನಡಿಯಲ್ಲಿ ಕಂಡಂತೆಯೇ ಕಾಣಲಿ ಎಂದು. ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಆಯ್ದುಕೊಳ್ಳಬಹುದು. ತಪ್ಪಾಗಿ ಆಯ್ದುಕೊಂಡವರು ‘ಅನ್ಯ’ದ ಕುರಿತ ಚಿಂತನೆಗೆ ತೊಡಗುವ ಮೊದಲು ಆ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಸಾಕು. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ನೆಚ್ಚಬಾರದು. ಅವು ಕಾರಿನ ಎತ್ತರಕ್ಕೆ ಎಳೆದವು, ಹತ್ತಡಿ ಎತ್ತರದ ಗೋಡೆಯಿಂದ ನೋಡಿದಾಗ ಏನನ್ನೂ ಅಳೆಯುವುದಿಲ್ಲ. ಟ್ರೇಲರು ಮಡಚಿಕೊಂಡು ಪಿಕಪ್ಪಿನ ಮೂಲೆಗೆ ಗುದ್ದುವುದೂ ಈ ಕ್ಯಾಮೆರಾಕ್ಕೆ ಕಾಣದು. ಅದಕ್ಕೆ ಬದಿಗನ್ನಡಿಗಳೇ ಬೇಕು. ಸ್ಟಿಯರಿಂಗಿನ ತಳಭಾಗವನ್ನು ಹಿಡಿದು, ಟ್ರೇಲರಿನ ಹಿಂತುದಿ ಹೋಗಬೇಕಾದ ಕಡೆಗೇ ಕೈ ಸರಿಸುವುದು ಅಮೆರಿಕದವರ ಪಾಠ. ಮಂಡ್ಯದ ಆಲೆಮನೆಯ ಮುಂದೆ ಕಬ್ಬಿನ ಟ್ರೇಲರನ್ನು ಹಿಂದಕ್ಕೆ ಒತ್ತುವ ಟ್ರ್ಯಾಕ್ಟರ್ ಚಾಲಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಟ್ರೇಲರಿಗೆ ಬೇಕಾದದ್ದು ಕ್ಯಾಮೆರಾ ಅಲ್ಲ, ರಾತ್ರಿ ಹಿಂದಿನವರಿಗೆ ಕಾಣಲು ಎರಡು ಕೆಂಪು ದೀಪ. ಎಷ್ಟೋ ಟ್ರೇಲರುಗಳಲ್ಲಿ ಇವತ್ತಿಗೂ ಅವಿಲ್ಲ, ಬೈಕಿನವರು ಕಬ್ಬಿನ ಜಲ್ಲೆಗೇ ಹೋಗಿ ಗುದ್ದುತ್ತಾರೆ.

ಕೊನೆಗೆ ಪರೀಕ್ಷೆ. ಅಮೆರಿಕದ ನಿಯಮದಲ್ಲಿ ಕಾರಿನ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗದಲ್ಲಿ ಏಳು ಉರುಳೆಗಳನ್ನು ನಿಲ್ಲಿಸುತ್ತಾರೆ. ಒಂದೊಂದರ ಎತ್ತರ 0.8 ಮೀಟರ್, ಹದಿನೆಂಟು ತಿಂಗಳ ಮಗು ನಿಂತರೆ ಆಗುವಷ್ಟು. ಟ್ರೇಲರಿಗೆ ಈ ನಿಯಮ ಇಲ್ಲದಿದ್ದರೂ ಪರೀಕ್ಷೆ ಮಾಡಬಾರದೆಂದು ಯಾರೂ ಹೇಳಿಲ್ಲ. ಅಷ್ಟೇ ಎತ್ತರದ ಕಸದ ಡಬ್ಬಿಯನ್ನು ಬಂಪರಿಗೆ ಒತ್ತಿ ನಿಲ್ಲಿಸಿ ಪರದೆಯಲ್ಲಿ ಕಾಣುತ್ತದೆಯೇ ನೋಡಬೇಕು. ಕಾಣದಿದ್ದರೆ ಕ್ಯಾಮೆರಾವನ್ನು ಇನ್ನಷ್ಟು ಕೆಳಕ್ಕೆ ಬಾಗಿಸಬೇಕು, ಬಂಪರಿನ ಅಂಚು ಚಿತ್ರದ ತಳದಲ್ಲಿ ಬರುವವರೆಗೆ. ಆಮೇಲೆ ಡಬ್ಬಿಯನ್ನು ಎಡ ಮೂಲೆಗೂ ಬಲ ಮೂಲೆಗೂ ಸರಿಸಿ ನೋಡಬೇಕು. ಕಾಣದ ಮೂಲೆ ಯಾವುದೆಂದು ಗುರುತಿಟ್ಟುಕೊಂಡು, ಅದಕ್ಕಾಗಿ ಪ್ರತಿ ಸಲವೂ ಇಳಿದು ಹೋಗಿ ನೋಡಬೇಕು. ಲೆನ್ಸಿನ ಮೇಲೆ ಟ್ರೇಲರಿನ ಹಿಂದೆ ಏಳುವ ಧೂಳು ಕೂರುತ್ತದೆ, ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೀಲೆಂಟನ್ನು ವರ್ಷಕ್ಕೊಮ್ಮೆ ನೋಡಿ, ಬಿರುಕು ಬಿಟ್ಟಿದ್ದರೆ ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಬೇಕು.