ಅಶ್ವಾರೋಹಿ ಶಿರೋವೇಷ್ಟನ ಮೀಮಾಂಸೆ: ಕೆಲವು ತಾತ್ವಿಕ ಟಿಪ್ಪಣಿಗಳು

ಪ್ರಸ್ತುತ ಸಂಪ್ರಬಂಧವು ಅಶ್ವಾರೋಹಿಯ ಶಿರೋಭಾಗವನ್ನು ಒಂದು ಪಠ್ಯವೆಂದು ಪರಿಭಾವಿಸಿ, ಅದರ ಮೇಲೆ ಏನನ್ನು ಕವುಚಬೇಕೆಂಬ ಸಂಕಥನದೊಳಗಣ ಸೌಂದರ್ಯ-ಸುರಕ್ಷತೆಗಳ ಅನುಸಂಧಾನವನ್ನು ಶೋಧಿಸುವ ವಿನಮ್ರ ಯತ್ನ. ವ್ಯಾಪ್ತಿ: ಡ್ರೆಸಾಜ್, ಅಂದರೆ 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಣದಲ್ಲಿ ಕುದುರೆಯಿಂದ ಲಯಬದ್ಧ ಹೆಜ್ಜೆ ಹಾಕಿಸುವ ಯುರೋಪಿನ ಕಲೆ. ಕುದುರೆಯ ಅಭಿಪ್ರಾಯ ಸಂಗ್ರಹಿಸಲಾಗಲಿಲ್ಲ. ಪ್ರಶ್ನಾವಳಿಯನ್ನು ಅದು ತಿಂದಿತು.

ಶಿರೋವೇಷ್ಟನಗಳು ಸ್ಥೂಲವಾಗಿ ನಾಲ್ಕು ವಿಧ. ಒಂದು, ಶುದ್ಧ ದರ್ಶನೀಯ. ರೇಷ್ಮೆ ಹೊದಿಸಿದ ಕಪ್ಪು ಟಾಪ್ ಹ್ಯಾಟ್ ಇದರ ಪರಮ ನಿದರ್ಶನ. ಗದ್ದದ ಪಟ್ಟಿ ಇಲ್ಲದ ಕಾರಣ, ಪತನಕಾಲದಲ್ಲಿ ಟೋಪಿ ಒಂದು ದಿಕ್ಕಿಗೆ, ತಲೆ ಇನ್ನೊಂದು ದಿಕ್ಕಿಗೆ ಹೋಗಿ ಎರಡರ ಸ್ವಾಯತ್ತತೆಯೂ ಉಳಿಯುತ್ತದೆ. ಎರಡು, ದರ್ಶನೀಯ-ರಕ್ಷಕ: ಮಿರುಗುವ ಹರಳು ಮೆತ್ತಿದ ಹೆಲ್ಮೆಟ್ಟು. ಮೂರು, ರಕ್ಷಕ-ದರ್ಶನೀಯ: ಅದೇ ಹೆಲ್ಮೆಟ್ಟು, ಹರಳು ಕಮ್ಮಿ. ನಾಲ್ಕನೆಯದು ಏನೆಂದು ಇನ್ನೂ ಹೊಳೆಯದ್ದರಿಂದ ವರ್ಗೀಕರಣ ಇಲ್ಲಿಗೆ ಸಾಕು.

ಪರಂಪರಾವಾದಿ ಪಂಥದ ಪ್ರಕಾರ ಹೆಲ್ಮೆಟ್ಟು ರೇಖಾಸೌಷ್ಠವವನ್ನು ಭಂಗಿಸುತ್ತದೆ. ತಲೆ ಅಣಬೆಯಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2021ರ ಜನವರಿ 1ರಿಂದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಹೊರಟಾಗ, ಅನುಭವಿಗಳಿಗಾದರೂ ಆಯ್ಕೆ ಇರಲಿ ಎಂಬ ವಾದ ಎದ್ದಿತು. ಈ ವಾದದ ಜ್ಞಾನಮೀಮಾಂಸೆ ಹೀಗೆ: ನೆಲವು ಮೊದಲು ಸವಾರರ ಸ್ವವಿವರ ಓದಿ, ಸೇವಾ ಹಿರಿತನ ಪರಿಶೀಲಿಸಿ, ಅರ್ಹರಿಗೆ ಮೆತ್ತಗಾಗುತ್ತದೆ.

ಕರ್ಟ್ನಿ ಕಿಂಗ್-ಡೈ ಅರ್ಹರೇ ಆಗಿದ್ದರು. ಅಮೆರಿಕದ ಪರವಾಗಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದವರು. 2010ರ ಮಾರ್ಚಿನಲ್ಲಿ, ಫ್ಲಾರಿಡಾದಲ್ಲಿ, ಕುದುರೆ ಪಳಗಿಸುತ್ತಿದ್ದಾಗ ಅದು ತನ್ನ ಕಾಲಿಗೇ ಎಡವಿ ಬಿತ್ತು. ತಲೆಯ ಮೇಲೆ ಹೆಲ್ಮೆಟ್ಟಿರಲಿಲ್ಲ. ಬುರುಡೆ ಬಿರಿಯಿತು, ವಾರಗಟ್ಟಲೆ ಕೋಮಾ. ಎದ್ದ ಮೇಲೆ ನಡಿಗೆಯನ್ನೂ ಮಾತನ್ನೂ ಮತ್ತೆ ಕಲಿಯಬೇಕಾಯಿತು. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಆಮೇಲೆ ಅವರೇ ಹೇಳುತ್ತ ಬಂದರು. ಇಷ್ಟಾದ ಮೇಲೂ ಹಿರಿಯರ ಸ್ಪರ್ಧೆಗಳಲ್ಲಿ ಹತ್ತು ವರ್ಷ ಟಾಪ್ ಹ್ಯಾಟಿಗೆ ಜಾಗವಿತ್ತು. ಹತ್ತು ವರ್ಷ! ಮಧ್ಯೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಶಾರ್ಲಟ್ ಡುಜಾರ್ಡಿನ್ ಹೆಲ್ಮೆಟ್ ಹಾಕಿಕೊಂಡೇ ವ್ಯಾಲೆಗ್ರೊ ಎಂಬ ಕುದುರೆ ಏರಿ ಚಿನ್ನ ಗೆದ್ದರು. ಯಾವ ರೇಖೆ ಭಂಗವಾಯಿತು, ಯಾವ ತೀರ್ಪುಗಾರರ ಕಣ್ಣಿಗೆ ನೋವಾಯಿತು? ಟೋಪಿಯ ಅಂದದ ಬಗ್ಗೆ ಇಷ್ಟು ಮರುಗಿದವರು ಅದರ ಕೆಳಗಿನ ಮಿದುಳಿನ ಬಗ್ಗೆ ಅರ್ಧದಷ್ಟಾದರೂ ಮರುಗಬಾರದಿತ್ತೇ?

ಕ್ಷಮಿಸಿ, ಪ್ರಬಂಧದ ಗಾಂಭೀರ್ಯ ತಪ್ಪಿತು.

ಹೆಲ್ಮೆಟ್ಟಿನ ಒಳಗೆ ಥರ್ಮಾಕೋಲಿನ ಜಾತಿಯದೇ ಒಂದು ಗಟ್ಟಿ ಪದರವಿದೆ. ಹೊಡೆತ ಬಿದ್ದಾಗ ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ; ಮತ್ತೆ ಉಬ್ಬಿ ಮೊದಲಿನಂತಾಗುವುದಿಲ್ಲ. ಒಮ್ಮೆ ಬಲವಾಗಿ ಪೆಟ್ಟು ತಿಂದದ್ದನ್ನು, ಹೊರಗಿನ ಮಿರುಗು ಎಷ್ಟೇ ಚೆನ್ನಾಗಿರಲಿ, ಎಸೆಯಬೇಕು. ಎರಡನೆಯ ವಿಧದವರಿಗೆ ಹರಳಿನ ಸಂಕಟ ಶುರುವಾಗುವುದು ಇಲ್ಲೇ.

ಕೊಳ್ಳುವವರು ಪಟ್ಟಿ ಬಿಗಿಯುವ ಮೊದಲು ಹೆಲ್ಮೆಟ್ಟನ್ನು ಮೆಲ್ಲಗೆ ಅಲ್ಲಾಡಿಸಿ ನೋಡಲಿ. ಹುಬ್ಬು, ಹಣೆಯ ಚರ್ಮ ಅದರ ಜತೆಗೇ ಸರಿದರೆ ಅಳತೆ ಸರಿ. ಹೆಲ್ಮೆಟ್ಟೊಂದೇ ಸರಿದರೆ ದೊಡ್ಡದಾಯಿತು. ಬಣ್ಣ ಯಾವುದಾದರೂ ಆದೀತು. ಅದರ ಮೇಲೆ ಪಿಎಚ್.ಡಿ. ಮಾಡುವವರು ಮಾಡಿಕೊಳ್ಳಲಿ.